ಹೊಟ್ಟು ನಮ್ಮದು, ಪುಡಿ ಯಾರದ್ದು?

'ಕಸದಿಂದ ರಸ' ಅನ್ನೋ ಮಾತು ಈಗ ಸರ್ಕಾರಿ ವೇದಿಕೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತೆ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 24ರಂದು 'ಬಯೋಇ3' ಅನ್ನೋ ಜೈವಿಕ ಉತ್ಪಾದನಾ ನೀತಿಗೆ ಒಪ್ಪಿಗೆ ಕೊಟ್ಟಿತು. ಆ ನೀತಿ ಒತ್ತು ಕೊಡುವ ಉತ್ಪನ್ನಗಳಲ್ಲಿ ಕಿಣ್ವಗಳೂ ಇವೆ, ಅಂದ್ರೆ ಎನ್‌ಜೈಮ್‌ಗಳು. ಕೃಷಿ ತ್ಯಾಜ್ಯದ ಮೇಲೆ ಶಿಲೀಂಧ್ರ ಬೆಳೆಸಬಹುದು, ಅದು ಬಿಡುವ ಕಿಣ್ವವನ್ನು ತೆಗೆದು ಪುಡಿ ಮಾಡಿ ಮಾರಬಹುದು, ರೈತನಿಗೂ ನಾಲ್ಕು ಕಾಸು ಸಿಗುತ್ತೆ ಅನ್ನೋದು ಇದರ ಹಿಂದಿನ ವಾದ. ವಾದದಲ್ಲಿ ಸುಳ್ಳಿಲ್ಲ. ಆದರೆ ಆ ಕಾಸು ಯಾವ ಹಂತದಲ್ಲಿ ಹುಟ್ಟುತ್ತೆ, ಯಾರ ಕೈಗೆ ಸೇರುತ್ತೆ ಅನ್ನೋದನ್ನು ಭಾಷಣಗಳು ಬಿಡಿಸಿ ಹೇಳೋದಿಲ್ಲ.

ಈ ಪ್ರಶ್ನೆಯನ್ನು ನಾನು ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಕೇಳಬೇಕು ಅಂದುಕೊಂಡಿದ್ದೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ನಾಲ್ಕೂ ಇವೆ. ಮಳೆ ಕಡಿಮೆ, ಬೋರ್‌ವೆಲ್ ಆಳ, ಪಾವಗಡದ ನೀರಿನಲ್ಲಿ ಫ್ಲೋರೈಡ್. ಕಡಲೆಕಾಯಿ, ರಾಗಿ, ತೊಗರಿ, ಮೆಕ್ಕೆಜೋಳ ಇಲ್ಲಿಯ ಬೆಳೆಗಳು. ನೀರಿರುವ ಕಡೆ ಅಡಿಕೆ, ದಾಳಿಂಬೆ. ಇಂಥ ಸೀಮೆಗೆ 'ನಿಮ್ಮ ತ್ಯಾಜ್ಯಕ್ಕೆ ಬೆಲೆ ಬರುತ್ತೆ' ಅಂತ ಹೇಳಿದರೆ ಆಸೆ ಹುಟ್ಟೋದು ಸಹಜ. ಆಸೆ ಹುಟ್ಟೋ ಮುಂಚೆ ಲೆಕ್ಕ ಗೊತ್ತಿರಬೇಕು.

ಯಾವುದು ತ್ಯಾಜ್ಯ, ಯಾವುದು ಅಲ್ಲ

ಮೊದಲು ಒಂದು ಗೆರೆ ಎಳೆಯೋಣ. ರಾಗಿ ಹುಲ್ಲು ತ್ಯಾಜ್ಯ ಅಲ್ಲ. ಅದು ಬೇಸಿಗೆಗೆ ದನಗಳ ಅನ್ನ. ಬರ ಬಂದ ವರ್ಷ ಒಂದು ಬಣವೆ ಹುಲ್ಲು ಇರೋ ಮನೆ ಹಸು ಉಳಿಸಿಕೊಳ್ಳುತ್ತೆ, ಇಲ್ಲದ ಮನೆ ಸಂತೆಗೆ ಹೊಡೆದುಕೊಂಡು ಹೋಗುತ್ತೆ. ಕಡಲೆಕಾಯಿ ಬಳ್ಳಿಯೂ ಮೇವೇ, ಹಿಂಡಿಯೂ ಮೇವೇ. ಇವುಗಳನ್ನು 'ಕೃಷಿ ತ್ಯಾಜ್ಯ' ಅನ್ನೋ ತಲೆಬರಹದಡಿ ಸೇರಿಸುವ ಯೋಜನೆ ಯಾವುದೇ ಆದರೂ ದನದ ಬಾಯಿಂದ ಕಿತ್ತುಕೊಂಡ ಹಾಗೆ.

ಹಾಗಾದರೆ ಏನು ಉಳಿಯುತ್ತೆ? ಕಡಲೆಕಾಯಿ ಸಿಪ್ಪೆ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ತೊಗರಿ ಕಡ್ಡಿ, ಅಡಿಕೆ ಸಿಪ್ಪೆ, ಹುಣಸೆ ಬೀಜದ ಹೊಟ್ಟು, ಕಾರ್ಖಾನೆಗೆ ಹೋದ ದಾಳಿಂಬೆಯ ಸಿಪ್ಪೆ. ಎಲ್ಲವೂ ಒಂದೇ ಥರ ಅಲ್ಲ. ಮೆಕ್ಕೆಜೋಳದ ದಿಂಡಿನಲ್ಲಿ ಕ್ಸೈಲಾನ್ ಅನ್ನೋ ನಾರು ಹೆಚ್ಚು, ಹಾಗಾಗಿ ಕ್ಸೈಲನೇಸ್ ಕಿಣ್ವ ಬೆಳೆಸೋಕೆ ಚೆನ್ನಾಗಿ ಒದಗುತ್ತೆ. ದಾಳಿಂಬೆ ಸಿಪ್ಪೆಯಲ್ಲೂ ಹುಣಸೆ ಬೀಜದ ಹೊಟ್ಟಿನಲ್ಲೂ ಒಗರು ಜಾಸ್ತಿ, ಅದನ್ನು ಒಡೆಯುವ ಟ್ಯಾನೇಸ್ ಕಿಣ್ವಕ್ಕೆ ಅವು ಸರಿ. ಕಡಲೆಕಾಯಿ ಸಿಪ್ಪೆಯಲ್ಲಿ ಲಿಗ್ನಿನ್ ಅನ್ನೋ ಗಟ್ಟಿ ಅಂಶ ಬಹಳ, ಅದೊಂದನ್ನೇ ಕೊಟ್ಟರೆ ಶಿಲೀಂಧ್ರ ಸರಿಯಾಗಿ ಏಳೋದಿಲ್ಲ. ಬೂಸಾ ಅಥವಾ ತೌಡಿನ ಜೊತೆ ಬೆರೆಸಬೇಕು. ಉಳಿದ ಸಿಪ್ಪೆ ಈಗ ಹೋಗ್ತಿರೋ ಹಾಗೇ ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ ಹೋಗಬಹುದು. ಅದರ ಉಪಯೋಗವನ್ನು ಮುಂದೆ ಹೇಳ್ತೀನಿ.

ಈ ವಿದ್ಯೆ ಹೊಸದಲ್ಲ

ಗೋಧಿ ಬೂಸಾದ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ತೆಗೆಯೋ ವಿಧಾನಕ್ಕೆ ಜಪಾನಿನ ಜೋಕಿಚಿ ತಕಮಿನೆ 1894ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಜಪಾನಿನವರು ಸೋಯಾ ಸಾಸ್‌ಗೆ, ಅಕ್ಕಿಯ ಮದ್ಯಕ್ಕೆ ಬಳಸುತ್ತಿದ್ದ 'ಕೋಜಿ' ಬೂಷ್ಟನ್ನೇ ಅವರು ಕಾರ್ಖಾನೆಗೆ ತಂದರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕನ್ ಸೈನ್ಯದ ಹತ್ತಿ ಬಟ್ಟೆಯ ಡೇರೆಗಳನ್ನು ಒಂದು ಬೂಷ್ಟು ತಿಂದು ಹಾಕಿತು. ಅದನ್ನು ಹಿಡಿದು ಅಧ್ಯಯನ ಮಾಡಿದಾಗ ಸಿಕ್ಕಿದ್ದೇ ಟ್ರೈಕೋಡರ್ಮಾ ರೀಸೈ. ನಾರನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಕಿಣ್ವಕ್ಕೆ ಇವತ್ತಿಗೂ ಅದರ ತಳಿಗಳೇ ಮುಖ್ಯ ಆಧಾರ. ನಮ್ಮ ರೈತರು ಅಡಿಕೆ, ಕಡಲೆಕಾಯಿ ಬುಡಕ್ಕೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕೋ ಟ್ರೈಕೋಡರ್ಮಾ ಪುಡಿ ಇದೇ ಕುಟುಂಬದ್ದು.

ಕರ್ನಾಟಕಕ್ಕೂ ಇದು ಅಪರಿಚಿತ ಅಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐನಲ್ಲಿ, 1980ರ ದಶಕದಲ್ಲಿ ಬಿ.ಕೆ. ಲೋನ್ಸಾನೆ ಮತ್ತು ಸಂಗಡಿಗರು ಒದ್ದೆ ಬೂಸಾದಂಥ ಘನ ಮಾಧ್ಯಮದ ಹುದುಗುವಿಕೆ ಬಗ್ಗೆ ಮಾಡಿದ ಕೆಲಸವನ್ನು ಜಗತ್ತಿನ ವಿಜ್ಞಾನಿಗಳು ಈಗಲೂ ಉಲ್ಲೇಖಿಸ್ತಾರೆ. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಶುರು ಮಾಡಿದ ಬಯೋಕಾನ್ ಮೊದಲು ಬೆಳೆದದ್ದೇ ಕಿಣ್ವಗಳಿಂದ. ಘನ ಮಾಧ್ಯಮದಲ್ಲಿ ಶಿಲೀಂಧ್ರ ಬೆಳೆಸೋ ತನ್ನದೇ ತಂತ್ರಜ್ಞಾನವನ್ನೂ ಅದು ಕಟ್ಟಿಕೊಂಡಿತ್ತು. 2007ರಲ್ಲಿ ಆ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಝೈಮ್ಸ್ ಕಂಪನಿ ಸುಮಾರು 11.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ನೊವೊಝೈಮ್ಸ್ 2024ರಲ್ಲಿ ಇನ್ನೊಂದು ಡೆನ್ಮಾರ್ಕ್ ಕಂಪನಿ ಜೊತೆ ಸೇರಿ ನೊವೊನೆಸಿಸ್ ಆಗಿದೆ. ಕಂಪನಿ ತನ್ನ ವ್ಯವಹಾರ ಮಾರೋದು ತಪ್ಪಲ್ಲ. ನಾನು ಗಮನಿಸಬೇಕು ಅನ್ನೋದು ಇಷ್ಟೇ: ವಿದ್ಯೆ ನಮ್ಮ ರಾಜ್ಯದಲ್ಲೇ ಇತ್ತು, ಬೂಸಾ ನಮ್ಮಲ್ಲೇ ಇತ್ತು, ಆದರೂ ಈ ವ್ಯಾಪಾರದಲ್ಲಿ ಹಳ್ಳಿಗೆ ಒಂದು ಜಾಗ ಸಿಗಲಿಲ್ಲ.

ಇನ್ನೊಂದು ವಿಷಯ ಈ ಸೀಮೆಗೆ ಮುಖ್ಯ. ದೊಡ್ಡ ಟ್ಯಾಂಕಿನ ದ್ರವದಲ್ಲಿ ಶಿಲೀಂಧ್ರ ಬೆಳೆಸೋಕೆ ನೀರು ಬೇಕು, ಹೊರಗೆ ಬರುವ ಕೊಳಚೆಯೂ ಹೆಚ್ಚು. ಘನ ಮಾಧ್ಯಮದಲ್ಲಿ ಹೊಟ್ಟು, ಬೂಸಾ ಹದವಾಗಿ ಒದ್ದೆಯಾಗಿದ್ದರೆ ಸಾಕು. ಬೋರ್‌ವೆಲ್ ನಂಬಿರುವ ಶಿರಾ, ಪಾವಗಡದಂಥ ಕಡೆಗೆ ಎರಡನೆಯದೇ ಒಗ್ಗೋದು.

ಗಂಟು ಇರೋದು ಒಣಗಿಸುವಲ್ಲಿ

ಶಿಲೀಂಧ್ರ ಬೆಳೆಸೋದು ನಾಲ್ಕೈದು ದಿನದ ಕೆಲಸ. ತಟ್ಟೆಯಲ್ಲಿ ಬೆಳೆದ ಬೂಷ್ಟನ್ನು ನೀರಿನಲ್ಲಿ ಕಲಸಿ ಸೋಸಿದರೆ ಕಂದು ಬಣ್ಣದ ಕಿಣ್ವದ ನೀರು ಸಿಗುತ್ತೆ. ಕಷ್ಟ ಇಲ್ಲಿಂದ ಶುರು. ಏಪ್ರಿಲ್ ಬಿಸಿಲಿನಲ್ಲಿ ಆ ನೀರನ್ನು ಹಾಗೇ ಇಟ್ಟರೆ ಒಂದೆರಡು ದಿನದಲ್ಲೇ ಕೆಡೋಕೆ ಶುರುವಾಗುತ್ತೆ. ಬ್ಯಾಕ್ಟೀರಿಯಾ ಬೆಳೆಯುತ್ತೆ, ಪ್ರೋಟೀನು ಕತ್ತರಿಸುವ ಕಿಣ್ವಗಳು ಉಳಿದ ಕಿಣ್ವಗಳನ್ನು ತಿನ್ನುತ್ತವೆ. ಕಿಣ್ವವೂ ಒಂದು ಪ್ರೋಟೀನೇ, ಅದರ ಮಡಿಕೆ ಬಿಚ್ಚಿಕೊಂಡರೆ ಕೆಲಸ ನಿಂತುಹೋಗುತ್ತೆ.

ಕೊಳ್ಳುವವನು ಕಿಣ್ವಕ್ಕೆ ತೂಕ ನೋಡಿ ಮಾತ್ರ ದುಡ್ಡು ಕೊಡಲ್ಲ, ಅದರ ಚಟುವಟಿಕೆ ಅಳೆದು ಕೊಡ್ತಾನೆ. ಡೇರಿಯಲ್ಲಿ ಹಾಲಿಗೆ ಫ್ಯಾಟ್ ನೋಡಿ ರೇಟು ಹಾಕೋ ಹಾಗೆ. ದಾರಿಯಲ್ಲಿ ಅರ್ಧ ಸತ್ತ ಕಿಣ್ವಕ್ಕೆ ಅರ್ಧ ಬೆಲೆ.

ಹಾಗಾದರೆ ಬಿಸಿಲಿಗೆ ಹರಡಿ ಒಣಗಿಸಬಹುದಲ್ಲ? ಹುಣಸೆಹಣ್ಣು, ಕಡಲೆಕಾಯಿ ಒಣಗಿಸೋದು ಈ ಕಡೆಯವರಿಗೆ ಹೇಳಿಕೊಡಬೇಕಾ? ಕಿಣ್ವದ ನೀರಿಗೆ ಅದು ನಡೆಯಲ್ಲ. ಬಿಸಿಲಲ್ಲಿ ಅದು ಗಂಟೆಗಟ್ಟಲೆ ಒದ್ದೆಯಾಗಿಯೂ ಬೆಚ್ಚಗೂ ಇರುತ್ತೆ. ಕಿಣ್ವ ಸಾಯೋಕೆ ಅದಕ್ಕಿಂತ ಒಳ್ಳೇ ಜಾಗ ಬೇಕಿಲ್ಲ. ಇದಕ್ಕೆ ಕಾರ್ಖಾನೆಗಳು ಬಳಸೋ ದಾರಿ ಸ್ಪ್ರೇ ಡ್ರೈಯಿಂಗ್. ಅಮೂಲ್ ಸ್ಪ್ರೇ ಹಾಲಿನ ಪುಡಿಯ ಹೆಸರಲ್ಲೇ ಈ ವಿಧಾನ ಇದೆ. 1872ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಪರ್ಸಿ ಇದಕ್ಕೆ ಪೇಟೆಂಟ್ ಪಡೆದರು. ನಂದಿನಿ ಹಾಲಿನ ಪುಡಿ ಆಗೋದೂ ಹೀಗೇ.

ದೊಡ್ಡ ಸ್ಟೀಲ್ ಗೋಪುರದೊಳಗೆ 150ರಿಂದ 180 ಡಿಗ್ರಿ ಬಿಸಿಗಾಳಿ ಬಿಡ್ತಾರೆ. ಮೇಲಿಂದ ದ್ರವವನ್ನು ಕೂದಲೆಳೆಯಷ್ಟು ಸಣ್ಣ ಹನಿಗಳಾಗಿ ಎರಚ್ತಾರೆ. ಕೆಲವು ಸೆಕೆಂಡುಗಳಲ್ಲಿ ನೀರು ಆವಿಯಾಗಿ ಪುಡಿ ಕೆಳಗೆ ಬೀಳುತ್ತೆ. 'ಅಷ್ಟು ಬಿಸಿಯಲ್ಲಿ ಕಿಣ್ವ ಸುಟ್ಟುಹೋಗಲ್ವಾ?' ಅಂತ ಯಾರಾದರೂ ಕೇಳ್ತಾರೆ. ಬೆವರು ಆರುವಾಗ ಮೈ ತಂಪಾಗುತ್ತಲ್ಲ, ಹನಿಯದ್ದೂ ಅದೇ ಕಥೆ. ನೀರು ಆವಿಯಾಗ್ತಿರೋ ತನಕ ಹನಿ ಗಾಳಿಯಷ್ಟು ಬಿಸಿಯಾಗೋದಿಲ್ಲ. ಪೂರ್ತಿ ಒಣಗೋ ಕೊನೇ ಗಳಿಗೆಯಲ್ಲೇ ಅಪಾಯ. ಅದಕ್ಕೇ ಹೊರಬರುವ ಗಾಳಿ 70ರಿಂದ 90 ಡಿಗ್ರಿ ಮೀರದ ಹಾಗೆ ನೋಡಿಕೊಳ್ತಾರೆ. ಜೊತೆಗೆ ಮಾಲ್ಟೊಡೆಕ್ಸ್‌ಟ್ರಿನ್, ಗೋಂದು ಅಥವಾ ಟ್ರೆಹಲೋಸ್ ಅನ್ನೋ ಸಕ್ಕರೆ ಬೆರೆಸ್ತಾರೆ. ಒಣಗಿದಾಗ ಇವು ಗಾಜಿನ ಥರ ಗಟ್ಟಿಯಾಗಿ, ಪ್ರೋಟೀನಿನ ಮಡಿಕೆಯನ್ನು ಇದ್ದಲ್ಲೇ ಹಿಡಿದಿಡ್ತವೆ. ಸರಿಯಾಗಿ ಮಾಡಿದ ಪುಡಿಯನ್ನು ತೇವ ತಾಗದ ಹಾಗೆ ಕಟ್ಟಿಟ್ಟರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇಡಬಹುದು. ಮಂಜುಗಟ್ಟಿಸಿ ಒಣಗಿಸೋ ಇನ್ನೊಂದು ವಿಧಾನ ಕಿಣ್ವಕ್ಕೆ ಇದಕ್ಕಿಂತ ಮೃದು. ಆದರೆ ಖರ್ಚು ಹಲವು ಪಟ್ಟು.

ಈ ಯಂತ್ರವನ್ನು ಮನೆ ಹಿತ್ತಿಲಲ್ಲಿ ಇಡೋಕಾಗಲ್ಲ. ಬಂಡವಾಳ ಬೇಕು, ಶಾಖ ಬೇಕು, ತರಬೇತಾದವರು ಬೇಕು. ಬೆಲೆಯ ದೊಡ್ಡ ಪಾಲು ಇಲ್ಲೇ ಸೇರಿಕೊಳ್ಳುತ್ತೆ. ಡ್ರೈಯರ್ ಇಲ್ಲದವನು ಹೊಟ್ಟು ಮಾರ್ತಾನೆ, ಇರೋನು ಪುಡಿ ಮಾರ್ತಾನೆ. ಯೋಜನೆಯ ಕಾಗದದಲ್ಲಿ ಇಬ್ಬರೂ 'ಫಲಾನುಭವಿಗಳು'.

ಆನಂದ್‌ನಲ್ಲಿ ಆಗಿದ್ದೇನು

ಇದನ್ನು ಊಹೆಯಿಂದ ಹೇಳ್ತಿಲ್ಲ. ಗುಜರಾತಿನ ಖೇಡಾ ಜಿಲ್ಲಾ ಸಹಕಾರ ಸಂಘ 1946ರಲ್ಲಿ ಶುರುವಾಯ್ತು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡ್ತಿದ್ದವು. ಆಗ ಬೊಂಬಾಯಿಯ ಹಾಲು ಯೋಜನೆ ಹೆಚ್ಚುವರಿ ಹಾಲನ್ನು ತಗೋತಿರಲಿಲ್ಲ. ಉಳಿದ ಹಾಲನ್ನು ಏನು ಮಾಡೋದು? ಎಮ್ಮೆ ಹಾಲನ್ನು ಪುಡಿ ಮಾಡೋಕೆ ಬರಲ್ಲ ಅಂತ ವಿದೇಶಿ ತಜ್ಞರು ಹೇಳ್ತಿದ್ದರು. ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಆ ಘಟಕವನ್ನು ಉದ್ಘಾಟಿಸಿದರು.

ಪುಡಿ ಮಾಡೋ ಶಕ್ತಿ ರೈತರ ಸಂಘದ ಕೈಗೆ ಬಂದ ಮೇಲೆ 'ಇವತ್ತು ಹಾಲು ಬೇಡ' ಅನ್ನೋ ವ್ಯಾಪಾರಿಯ ಮಾತಿಗೆ ಹಿಡಿತ ತಪ್ಪಿತು. ಕೆಡೋ ವಸ್ತುವನ್ನು ಕೆಡದ ವಸ್ತು ಮಾಡೋಕೆ ಬಂದರೆ ಮಾತ್ರ ಬೆಳೆದವನು ಬೆಲೆಗೆ ಕಾಯಬಲ್ಲ. ನಮ್ಮ ಕೆಎಂಎಫ್ ವ್ಯವಸ್ಥೆಯೂ ಇದೇ ಪಾಠದ ಮೇಲೆ ನಿಂತಿದೆ. ಈ ನಾಲ್ಕು ತಾಲ್ಲೂಕುಗಳ ಹಳ್ಳಿ ಹಳ್ಳಿಯಲ್ಲೂ ಹಾಲಿನ ಡೇರಿ ಗೊತ್ತು, ಶೀತಲೀಕರಣ ಘಟಕ ಗೊತ್ತು, ಟ್ಯಾಂಕರ್ ಗೊತ್ತು. ಕಿಣ್ವಕ್ಕೂ ಅದೇ ನಕ್ಷೆ ಸಾಕು: ತಾಲ್ಲೂಕಿಗೊಂದು ಸಣ್ಣ ಹುದುಗು ಘಟಕ, ಅಲ್ಲಿ ಸೋಸಿದ ನೀರನ್ನು ತಂಪಾಗಿ ಇಡೋ ಟ್ಯಾಂಕ್, ನಾಲ್ಕಕ್ಕೂ ಸೇರಿ ಒಂದು ಡ್ರೈಯರ್ ಮತ್ತು ಅದರ ಪಕ್ಕ ಒಂದು ಲ್ಯಾಬ್. ಹಾಲಿನ ಡ್ರೈಯರ್‌ನಲ್ಲೇ ಕಿಣ್ವ ಒಣಗಿಸಿ ಅಂತ ನಾನು ಹೇಳ್ತಿಲ್ಲ, ಅದು ಕೂಡದು. ಯಂತ್ರ ಬೇರೆ ಇರಲಿ, ಮಾಲೀಕತ್ವದ ಮಾದರಿ ಅದೇ ಇರಲಿ.

ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದೂರ. ಡ್ರೈಯರ್ ಬೆಂಗಳೂರಿನಲ್ಲೋ ತುಮಕೂರಿನ ಕೈಗಾರಿಕಾ ಪ್ರದೇಶದಲ್ಲೋ ಇದ್ದರೆ ದೂರದ ತಾಲ್ಲೂಕು ಮತ್ತೆ ಹೊಟ್ಟು ಕಳಿಸೋಕೇ ಸೀಮಿತ. ಶಿರಾ, ಕೊರಟಗೆರೆ ಎರಡಕ್ಕೂ ಗಡಿ ಹಂಚಿಕೊಂಡಿರೋ ಮಧುಗಿರಿ ಇದಕ್ಕೆ ಸರಿಯಾದ ಜಾಗ.

ಶಾಖದ ಲೆಕ್ಕ

ಒಂದು ಲೀಟರ್ ನೀರು ಆವಿಯಾಗೋಕೆ ಪುಸ್ತಕದ ಲೆಕ್ಕದಲ್ಲೇ ಸುಮಾರು 0.65 ಯೂನಿಟ್‌ನಷ್ಟು ಶಾಖ ಬೇಕು. ಯಂತ್ರದಲ್ಲಿ ಸೋರಿಕೆ ಸೇರಿ ಅದಕ್ಕಿಂತ ಸಾಕಷ್ಟು ಹೆಚ್ಚು. ಕಿಣ್ವದ ನೀರಿನಲ್ಲಿ ಶೇ. 5ರಷ್ಟು ಘನ ಅಂಶ ಇದೆ ಅಂತ ಇಟ್ಟುಕೊಳ್ಳಿ. 1000 ಲೀಟರ್ ಒಣಗಿಸಿದರೆ ಸಿಗೋದು 50 ಕೆಜಿ ಪುಡಿ, ಓಡಿಸಬೇಕಾದ ನೀರು 950 ಲೀಟರ್. ಪುಸ್ತಕದ ಲೆಕ್ಕದಲ್ಲೇ 600 ಯೂನಿಟ್ ದಾಟುತ್ತೆ. ಅದೇ ನೀರನ್ನು ಮೊದಲು ಮೆಂಬ್ರೇನ್ ಫಿಲ್ಟರ್‌ನಲ್ಲಿ ಹಾಯಿಸಿ ಘನ ಅಂಶವನ್ನು ಶೇ. 20ಕ್ಕೆ ಏರಿಸಿದರೆ, ಡ್ರೈಯರ್‌ಗೆ ಹೋಗೋದು 250 ಲೀಟರ್. ಓಡಿಸಬೇಕಾದ ನೀರು 200 ಲೀಟರ್, ಶಾಖ ಸುಮಾರು 130 ಯೂನಿಟ್. ಮೆಂಬ್ರೇನ್ ಇಲ್ಲದ ಡ್ರೈಯರ್ ಕೊಟ್ಟು 'ಘಟಕ ಮಂಜೂರಾಗಿದೆ' ಅಂತ ಫಲಕ ಹಾಕಿದರೆ ಅದು ಮೊದಲ ಕರೆಂಟ್ ಬಿಲ್ಲಿಗೇ ನಿಲ್ಲುತ್ತೆ.

ಶಿಲೀಂಧ್ರಕ್ಕೆ ಒಗ್ಗದ ಕಡಲೆಕಾಯಿ ಸಿಪ್ಪೆ ಕೆಲಸಕ್ಕೆ ಬರೋದು ಇಲ್ಲೇ. ಬಿಸಿಗಾಳಿ ಒಲೆಗೆ ಅದು ಒಳ್ಳೇ ಉರುವಲು. ಇನ್ನು ಕರೆಂಟ್ ವಿಷಯ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, 2018ರಲ್ಲಿ ಚಾಲನೆ ಸಿಕ್ಕಿದ್ದು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬಂತು. ಜಮೀನು ಇಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯ್ತು. ಕರೆಂಟು ಗ್ರಿಡ್‌ಗೆ ಹೋಯ್ತು. ಬಿಸಿಲು ಇಲ್ಲಿಯದು, ಅದರಿಂದ ನಡೆಯೋ ಕಾರ್ಖಾನೆ ಇನ್ನೆಲ್ಲೋ. ಕಿಣ್ವದ ವಿಷಯದಲ್ಲಿ ಅದೇ ಮತ್ತೊಮ್ಮೆ ಆಗೋದು ಬೇಡ.

ಎರಡು ಅಪಾಯ

ಮೊದಲನೆಯದು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ವಿಷ ಬಿಡೋ ಆಸ್ಪರ್ಜಿಲಸ್ ಫ್ಲೇವಸ್, ಕಿಣ್ವಕ್ಕೆ ಬಳಸೋ ಆಸ್ಪರ್ಜಿಲಸ್ ತಳಿಗಳಿಗೆ ಹತ್ತಿರದ ನೆಂಟ. ಕೊಯ್ಲಿನ ಹೊತ್ತಲ್ಲಿ ಮಳೆ ಬಿದ್ದ ವರ್ಷ ಕಡಲೆಕಾಯಿಗೆ ಅದು ಹತ್ತೋದು ಮಾಮೂಲು. ಸ್ಪ್ರೇ ಡ್ರೈಯರ್‌ನ ಬಿಸಿಗೆ ಬೂಷ್ಟು ಸಾಯಬಹುದು, ಅದು ಮೊದಲೇ ಬಿಟ್ಟ ವಿಷ ಹೋಗಲ್ಲ. ಹೊಟ್ಟನ್ನು ಹಬೆಯಲ್ಲಿ ಬೇಯಿಸಿದರೂ ಅಷ್ಟೇ. ಹಾಗಾಗಿ ಹೊಟ್ಟು ಒಳಗೆ ಬರೋವಾಗ ಒಮ್ಮೆ, ಪುಡಿ ಹೊರಗೆ ಹೋಗೋವಾಗ ಒಮ್ಮೆ ಪರೀಕ್ಷೆ ಆಗಲೇಬೇಕು. ಲ್ಯಾಬ್ ಇಲ್ಲದ ಘಟಕಕ್ಕೆ ಅನುಮತಿಯೇ ಕೊಡಬಾರದು.

ಎರಡನೆಯದು ದೂಳು. 1969ರಲ್ಲಿ ಬ್ರಿಟನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿ, ಬಟ್ಟೆ ಒಗೆಯೋ ಪುಡಿಯ ಕಾರ್ಖಾನೆಯ ಕೆಲಸಗಾರರಿಗೆ ಕಿಣ್ವದ ದೂಳಿನಿಂದ ಉಸಿರಾಟದ ಕಾಯಿಲೆ ಬಂದದ್ದನ್ನು ತೋರಿಸಿತು. ಆಮೇಲೆ ಉದ್ಯಮ ನಯವಾದ ಪುಡಿ ಬಿಟ್ಟು, ಮೇಲೆ ಲೇಪ ಇರೋ ಕಾಳಿನ ರೂಪಕ್ಕೆ ತಿರುಗಿತು. ಶಿಲೀಂಧ್ರದ ಅಮೈಲೇಸ್‌ನಿಂದ ಬೇಕರಿ ಕೆಲಸಗಾರರಿಗೆ ಆಸ್ತಮಾ ಬರೋದೂ ವೈದ್ಯಕೀಯದಲ್ಲಿ ಗೊತ್ತಿರೋ ವಿಷಯ. ನಮ್ಮಲ್ಲಿ ಇಂಥ ಘಟಕ ಬಂದರೆ ಪುಡಿ ತುಂಬೋ ಕೆಲಸಕ್ಕೆ ಬರೋರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಇರ್ತಾರೆ. ಮುಖಕ್ಕೆ ಸೆರಗು ಕಟ್ಟಿಕೊಂಡು ಮಾಡೋ ಕೆಲಸ ಇದಲ್ಲ. ಮುಚ್ಚಿದ ವ್ಯವಸ್ಥೆ, ದೂಳು ಹಿಡಿಯೋ ಫಿಲ್ಟರ್, ಸರಿಯಾದ ಮಾಸ್ಕ್, ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ, ಇವೆಲ್ಲ ಮೊದಲ ದಿನದ ಖರ್ಚಿನಲ್ಲೇ ಸೇರಬೇಕು.

ಕೊಳ್ಳೋರು ಯಾರು, ಕೇಳಬೇಕಾದ್ದೇನು

ಮಾರುಕಟ್ಟೆ ಇಲ್ಲದೆ ಯಂತ್ರ ತಂದರೆ ತುಕ್ಕು ಹಿಡಿಯುತ್ತೆ. ಆಹಾರಕ್ಕೆ ಬಳಸೋ ಕಿಣ್ವದ ನಿಯಮ ಬಿಗಿ, ಅಲ್ಲಿಂದ ಶುರು ಮಾಡೋದು ಜಾಣತನ ಅಲ್ಲ. ಹತ್ತಿರದ ಎರಡು ಗಿರಾಕಿಗಳಿದ್ದಾರೆ. ಒಂದು, ಕೋಳಿ ಮೇವಿನ ಕಾರ್ಖಾನೆಗಳು. ಕಾಳಿನಲ್ಲಿರೋ ರಂಜಕ ಫೈಟಿಕ್ ಆಮ್ಲದಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ, ಕೋಳಿಗೆ ಅದು ದಕ್ಕಲ್ಲ. ಫೈಟೇಸ್ ಕಿಣ್ವ ಬೆರೆಸಿದರೆ ದಕ್ಕುತ್ತೆ. ಎರಡು, ಬಟ್ಟೆ ಉದ್ಯಮ. ಜೀನ್ಸ್ ಮೆತ್ತಗೆ ಮಾಡೋಕೆ ಕಲ್ಲಿನ ಬದಲು ಸೆಲ್ಯುಲೇಸ್ ಬಳಸ್ತಾರೆ. ಈ ತಾಲ್ಲೂಕುಗಳ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ನಲ್ಲಿ ಹೊಲಿಯೋ ಬಟ್ಟೆ ತೊಳೆಯೋಕೆ ಇಲ್ಲಿಯ ಹೊಟ್ಟಿನ ಕಿಣ್ವ ಯಾಕೆ ಹೋಗಬಾರದು? ದೊಡ್ಡ ಕಂಪನಿಗಳ ಬೆಲೆಯೊಂದಿಗೆ ಪೈಪೋಟಿ ಸುಲಭ ಅಲ್ಲ ನಿಜ. ಅದಕ್ಕೇ ಯಂತ್ರಕ್ಕೆ ಟೆಂಡರ್ ಕರೆಯೋ ಮುಂಚೆ ಇಬ್ಬರು ಕೊಳ್ಳುವವರ ಜೊತೆಗಾದರೂ ಲಿಖಿತ ಒಪ್ಪಂದ ಆಗಬೇಕು.

2023ರಲ್ಲಿ ಬಂದ ಸರ್ಕಾರದಲ್ಲಿ ಕೊರಟಗೆರೆ ಶಾಸಕ ಜಿ. ಪರಮೇಶ್ವರ ಗೃಹ ಸಚಿವರಾಗಿ ಜಿಲ್ಲಾ ಉಸ್ತುವಾರಿಯನ್ನೂ ಹೊತ್ತರು. ಮಧುಗಿರಿ ಶಾಸಕ ಕೆ.ಎನ್. ರಾಜಣ್ಣ 2025ರ ಆಗಸ್ಟ್‌ವರೆಗೆ ಸಹಕಾರ ಸಚಿವರಾಗಿದ್ದರು. ಸಹಕಾರ ಸಂಘ ಕಟ್ಟೋದು, ನಡೆಸೋದು ಈ ಜಿಲ್ಲೆಯ ರಾಜಕಾರಣಕ್ಕೆ ಹೇಳಿಕೊಡಬೇಕಾದ ವಿದ್ಯೆ ಅಲ್ಲ. ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ 2020ರಿಂದ ಇದೆ, 2 ಕೋಟಿವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಸಿಗುತ್ತೆ. ಗೋದಾಮು, ಶೀತಲಗೃಹದ ಸಾಲಿನಲ್ಲಿ ರೈತರ ಒಡೆತನದ ಸಾಮೂಹಿಕ ಡ್ರೈಯರನ್ನೂ ಸ್ಪಷ್ಟವಾಗಿ ಸೇರಿಸಿ ಅಂತ ಒತ್ತಾಯ ಮಾಡಬಹುದು. ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು ಜಿಲ್ಲೆಯಲ್ಲೇ ಇವೆ, ಸಿಎಫ್‌ಟಿಆರ್‌ಐ ಮೈಸೂರಿನಲ್ಲಿದೆ. ಮೊದಲ ಎರಡು ವರ್ಷ ಇವರ ಉಸ್ತುವಾರಿಯಲ್ಲಿ ಒಂದೇ ಕಿಣ್ವ, ಒಂದೇ ಹುದುಗು ಘಟಕ, ಒಂದು ಸಣ್ಣ ಡ್ರೈಯರ್ ನಡೆಸಿ ಲೆಕ್ಕವನ್ನು ಸಾರ್ವಜನಿಕವಾಗಿ ಇಡಲಿ. ಲಾಭ ಬಂದರೆ ನಾಲ್ಕೂ ತಾಲ್ಲೂಕಿಗೆ ಹರಡಲಿ, ಬರದಿದ್ದರೆ ನಿಲ್ಲಿಸಲಿ.

ಮುಂದಿನ ಸಲ ಯಾರಾದರೂ ಊರಿಗೆ ಬಂದು 'ನಿಮ್ಮ ಹೊಟ್ಟಿಗೆ ಟನ್ನಿಗೆ ಇಷ್ಟು ಕೊಡ್ತೀವಿ' ಅಂದರೆ, ರೇಟಿನ ಚೌಕಾಸಿಗೆ ಮೊದಲು ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಡ್ರೈಯರ್ ಎಲ್ಲಿಡ್ತೀರಿ, ಅದರಲ್ಲಿ ನಮ್ಮ ಸಂಘದ ಷೇರು ಎಷ್ಟು? ಉತ್ತರ ಬರೋವರೆಗೆ ಹೊಟ್ಟು ಕಣದಲ್ಲೇ ಇರಲಿ.